ಅರ್ಧ ಅಡಿಯ ಅಡ್ಡಿ

ಫುಟ್‌ಪಾತ್ ಮುಗಿದು ರಸ್ತೆ ಶುರುವಾಗುವಲ್ಲಿ ನೆಟ್ಟಿರುತ್ತಾರಲ್ಲ, ಆ ಅಂಚುಗಲ್ಲಿನ ಮೇಲೂ ಪ್ರಬಂಧ ಬರೆಯುತ್ತಾರೆಯೇ ಎಂದು ನೀವು ನಗಬಹುದು. ಅದರ ಎತ್ತರ 150 ಮಿಲಿಮೀಟರ್, ಎಂದರೆ ಸುಮಾರು ಅರ್ಧ ಅಡಿ ಮೀರಬಾರದೆಂದು ನಮ್ಮ ದೇಶದ ರಸ್ತೆ ಎಂಜಿನಿಯರುಗಳ ಮಾರ್ಗಸೂಚಿಯೇ ಹೇಳುತ್ತದೆ. ಎರಡು ಕಾಲೂ ಗಟ್ಟಿಯಿದ್ದವರಿಗೆ ಅದು ಲೆಕ್ಕಕ್ಕೇ ಬಾರದ ಎತ್ತರ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಅದೊಂದು ಗೋಡೆ. ಈ ಗೋಡೆಯನ್ನು ಒಡೆದವರ ಇತಿಹಾಸ ಓದಿದ ಮೇಲೆ, ಎಲ್ಲಿಗೆ ಹೋದರೂ ರಸ್ತೆಯ ಮೂಲೆಗಳನ್ನು ನೋಡುವ ಚಟ ನನಗೆ ಹತ್ತಿಬಿಟ್ಟಿದೆ.

ಇತಿಹಾಸ ಅಮೆರಿಕದ್ದು. 1945ರಲ್ಲಿ ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ, ಸೈನ್ಯದಲ್ಲಿದ್ದು ಅಂಗವಿಕಲರಾಗಿ ಬಂದ ಜ್ಯಾಕ್ ಫಿಶರ್ ಎಂಬ ವಕೀಲರ ಒತ್ತಾಯಕ್ಕೆ ಪೇಟೆಯ ಕೆಲವು ಮೂಲೆಗಳಲ್ಲಿ ಇಳಿಜಾರು ಮಾಡಿಸಿದ್ದರು. ಆದರೆ ಅದು ದೇಶದ ಮಾತಾಗಲು ಇನ್ನೂ ಕಾಲು ಶತಮಾನ ಬೇಕಾಯಿತು. ಆ ಕಥೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದವಳು ಒಬ್ಬ ತಾಯಿ, ಕ್ಯಾಲಿಫೋರ್ನಿಯಾದ ಜೋನಾ ರಾಬರ್ಟ್ಸ್.

ಆಕೆಯ ಮಗ ಎಡ್‌ಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ಬಡಿಯಿತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ರಾತ್ರಿ ಉಸಿರಾಡಿಸುವುದಕ್ಕೆ ಕಬ್ಬಿಣದ ಕೊಳವೆಯಂಥ ದೊಡ್ಡ ಯಂತ್ರದೊಳಗೆ ಮಲಗಬೇಕಿತ್ತು. ಹುಡುಗ ಹಟ ಹಿಡಿದು ಓದಿದ. ಕೊನೆಗೆ ಶಾಲೆಯವರು ಪ್ರಮಾಣಪತ್ರ ಕೊಡುವುದಿಲ್ಲವೆಂದರು. ಕಾರಣವೇನು ಗೊತ್ತೆ? ಆತ ವ್ಯಾಯಾಮದ ಪಾಠವನ್ನೂ ಕಾರು ನಡೆಸುವ ಪಾಠವನ್ನೂ ಪೂರೈಸಿಲ್ಲ! ಜೋನಾ ಬಿಡಲಿಲ್ಲ, ಮೇಲಿನವರೆಗೂ ಹೋಗಿ ವಾದಿಸಿದಳು, ಪ್ರಮಾಣಪತ್ರ ತಂದಳು. 1962ರಲ್ಲಿ ಎಡ್ ಬರ್ಕ್‌ಲಿಯ ವಿಶ್ವವಿದ್ಯಾಲಯ ಸೇರಿದ. ಹಾಸ್ಟೆಲಿನಲ್ಲಿ ಆ ಯಂತ್ರವಿಡಲು ಸಾಧ್ಯವಾಗದೆ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ಅವನಿಗೊಂದು ಕೋಣೆ ಕೊಟ್ಟರು.

ಅವನ ಬೆನ್ನಿಗೆ ಅಂಥವರೇ ಇನ್ನಷ್ಟು ಹುಡುಗರು ಬಂದು ‘ರೋಲಿಂಗ್ ಕ್ವಾಡ್ಸ್’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಮೋಟಾರು ಗಾಲಿಕುರ್ಚಿ ಸಿಕ್ಕಿದ ಮೇಲೆ ತರಗತಿಗೆ, ಅಂಗಡಿಗೆ, ಸಿನಿಮಾಕ್ಕೆ ತಾವೇ ಹೋಗಬಹುದಿತ್ತು. ಹೊರಟರೆ ಪ್ರತಿ ಮೂಲೆಯಲ್ಲೂ ಅದೇ ಅರ್ಧ ಅಡಿ. ಕೆಲವರು ರಾತ್ರೋರಾತ್ರಿ ಸಿಮೆಂಟ್ ಸುರಿದು ತಾವೇ ಇಳಿಜಾರು ಮಾಡಿಕೊಂಡರೆಂಬ ಕಥೆ ಪ್ರಚಲಿತವಾಗಿದೆ. ಕೇಳಲು ಬಹಳ ಚೆಂದ. ಆದರೆ ಇಡೀ ಊರಿನ ಮೂಲೆಗಳನ್ನು ತಗ್ಗಿಸಿದ್ದು ಅರ್ಜಿ, ಸಭೆ, ಬಜೆಟ್ಟು ಎಂಬ ನೀರಸ ಕೆಲಸ. 1971ರ ಸೆಪ್ಟೆಂಬರಿನಲ್ಲಿ ಬರ್ಕ್‌ಲಿ ನಗರಸಭೆ ತನ್ನ ಬೀದಿಗಳು ಎಲ್ಲರೂ ಓಡಾಡುವಂತಿರಬೇಕೆಂದು ತೀರ್ಮಾನಿಸಿತು. 1990ರಲ್ಲಿ ಅದು ಇಡೀ ದೇಶದ ಕಾನೂನಾಯಿತು.

ಇಳಿಜಾರು ಬಂದದ್ದೇ ತಡ, ಮಗುವಿನ ತಳ್ಳುಗಾಡಿಯ ತಾಯಂದಿರು, ಸಾಮಾನಿನ ಗಾಡಿಯವರು, ಗಾಲಿ ಸೂಟ್‌ಕೇಸಿನವರು ಎಲ್ಲರೂ ಅತ್ತಲೇ ತಿರುಗಿದರು. ತೊಡಕಾದದ್ದು ಕಣ್ಣು ಕಾಣದವರಿಗೆ. ಅವರ ಕೋಲಿಗೆ ತಾಕುತ್ತಿದ್ದ ಆ ಮೆಟ್ಟಿಲೇ ರಸ್ತೆ ಬಂತೆಂಬ ಎಚ್ಚರಿಕೆಯಾಗಿತ್ತು. ಅದನ್ನು ತೆಗೆದರೆ ಗೊತ್ತಿಲ್ಲದೆ ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ಇದಕ್ಕೆ ಉತ್ತರ ಜಪಾನಿನಲ್ಲಿ ಆಗಲೇ ಇತ್ತು. ಸೆಯಿಚಿ ಮಿಯಾಕೆ ಎಂಬಾತ, ಕಣ್ಣು ಕಳೆದುಕೊಳ್ಳುತ್ತಿದ್ದ ಗೆಳೆಯನಿಗಾಗಿ 1965ರಲ್ಲಿ ಉಬ್ಬುಗಳಿರುವ ಹಾಸುಬಿಲ್ಲೆ ರೂಪಿಸಿದ್ದ. 1967ರ ಮಾರ್ಚ್ 18ರಂದು ಒಕಯಾಮದ ಅಂಧರ ಶಾಲೆಯ ಬಳಿ ಅದನ್ನು ಮೊದಲು ಹಾಸಿದರು. ನಮ್ಮ ಮೆಟ್ರೊ ನಿಲ್ದಾಣದಲ್ಲಿ ಚಪ್ಪಲಿಗೆ ಒತ್ತುವ ಹಳದಿ ಬಿಲ್ಲೆ ಅದೇ. ಉದ್ದ ಗೀರಿದ್ದರೆ ಮುಂದೆ ಹೋಗು, ದುಂಡು ಉಬ್ಬಿದ್ದರೆ ನಿಲ್ಲು. ಅದನ್ನು ಅಲಂಕಾರವೆಂದುಕೊಂಡು ಮೇಲೆಯೇ ಸ್ಕೂಟರ್ ನಿಲ್ಲಿಸುವವರಿಗೆ ಯಾರಾದರೂ ಇದನ್ನು ಹೇಳಬೇಕು.

ನಮ್ಮಲ್ಲಿ ಕಾನೂನಿಲ್ಲವೆಂದು ತಿಳಿಯಬೇಡಿ. ಅಂಚುಗಲ್ಲು ತಗ್ಗಿಸಿ ಇಳಿಜಾರು ಮಾಡಬೇಕು, ರಸ್ತೆ ದಾಟುವ ಪಟ್ಟೆಯ ಮೇಲೆ ಕಾಲಿಗೆ ತಿಳಿಯುವ ಗುರುತಿರಬೇಕು, ಸಿಗ್ನಲಿಗೆ ಧ್ವನಿಯಿರಬೇಕು ಎಂದು 1995ರ ಅಂಗವಿಕಲರ ಕಾಯ್ದೆಯಲ್ಲೇ ಇತ್ತು. ಜೊತೆಗೊಂದು ಬಾಲ: ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’. ಸೊಸೆಗೆ ಸೀರೆ ಕೊಡಿಸುವ ಮಾತು ಬಂದಾಗ ಕೆಲವು ಮನೆಗಳಲ್ಲಿ ಕೇಳಿಬರುವ ಮಾತೂ ಇದೇ. 2016ರಲ್ಲಿ ಹೊಸ ಕಾಯ್ದೆ ಬಂತು. ಸರಿಯಾದ ಫುಟ್‌ಪಾತ್ ಪಾದಚಾರಿಗಳ ಜೀವಿಸುವ ಹಕ್ಕಿಗೇ ಸೇರಿದ್ದೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇನ್ನು ನಮ್ಮ ಬಡಾವಣೆಗೆ ಬರೋಣ. ಇಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮುಚ್ಚಳ. ಮೊದಲು ಚರಂಡಿ ಕಟ್ಟುತ್ತಾರೆ, ಮೇಲೆ ಚಪ್ಪಡಿ ಹಾಕುತ್ತಾರೆ, ಆ ಚಪ್ಪಡಿಯೇ ನಮ್ಮ ದಾರಿ. ಹಾಗಾಗಿ ಅದರ ಎತ್ತರವನ್ನು ನಿರ್ಧರಿಸುವುದು ನಮ್ಮ ಕಾಲಲ್ಲ, ಕೊಚ್ಚೆನೀರು. ನಮ್ಮ ಮನೆಯ ಮುಂದೆ ಅಳೆದೆ: ಒಂದೂಕಾಲು ಅಡಿ.

ಇಳಿಜಾರು ಮಾಡುವುದು ನಮಗೆ ಗೊತ್ತಿಲ್ಲವೆ? ಬೀದಿಯ ಒಂದೊಂದು ಗೇಟಿನ ಮುಂದೆಯೂ ಒಂದೊಂದಿದೆ, ನುಣ್ಣಗೆ ಗಾರೆ ಮಾಡಿದ್ದು, ಕಾರಿಗೆ. ಕಾರಿನ ತಳ ತಾಗದಂತೆ ಫುಟ್‌ಪಾತನ್ನೇ ಕಡಿದು ಮಾಡಿದ್ದೇವೆ. ನಡೆಯುವವರು ಮನೆಮನೆಗೂ ಹತ್ತಬೇಕು, ಇಳಿಯಬೇಕು. ಉಳಿದ ಜಾಗದಲ್ಲಿ ಕುಂಡಗಳನ್ನಿಟ್ಟು ಬೇಲಿ ಹಾಕುವವರು ನಾವು ಹೆಂಗಸರೇ, ಅದನ್ನು ಗಂಡಸರ ಮೇಲೆ ಹಾಕುವಂತಿಲ್ಲ.

ಸೊಂಟದ ಮೂಳೆ ಮುರಿದ ಮೇಲೆ ನಮ್ಮತ್ತೆ ವಾಕರ್ ಹಿಡಿದು ನಡೆಯುತ್ತಾರೆ. ದೇವಸ್ಥಾನ ನಮ್ಮ ಬೀದಿಯ ಕೊನೆಗೆ, ಮುಖ್ಯರಸ್ತೆಯ ಆಚೆ ಬದಿಗೆ. ಫುಟ್‌ಪಾತ್ ಆಗದೆಂದು ರಸ್ತೆಯ ಅಂಚಿನಲ್ಲೇ ಹೋದೆವು. ಮುಖ್ಯರಸ್ತೆಯಲ್ಲಿ ಬಿಳಿ ಪಟ್ಟೆ ಬಳಿದಿದ್ದಾರೆ, ನಿಜ. ಆದರೆ ಅದು ನೇರವಾಗಿ ಹೋಗಿ ಮುಟ್ಟುವುದು ನಡುವಿನ ವಿಭಜಕದ ಕಲ್ಲನ್ನು. ಅಲ್ಲಿ ಸಂದಿಯೇ ಇಲ್ಲ! ಬಸ್ಸು ಹತ್ತಿರವಾಗುತ್ತಿತ್ತು, ವಾಕರ್ ಹಿಂದಕ್ಕೆ ತಿರುಗಲು ಹೊತ್ತು ಹಿಡಿಯಿತು. ‘ಸಾಕು ಕಣೆ, ದೇವರಿಗೆ ಮನೆಯಿಂದಲೇ ಕೈ ಮುಗಿಯುತ್ತೇನೆ’ ಎಂದರು ಅತ್ತೆ. ಐವತ್ತು ವರ್ಷ ಶನಿವಾರ ತಪ್ಪಿಸದವರು.

ಸಂಬಂಧಪಟ್ಟ ಕಚೇರಿಗೆ ಹೋದೆ. ‘ಒಬ್ಬರಿಗೋಸ್ಕರ ವಿಭಜಕ ಒಡೆಯೋಕಾಗುತ್ತಾ ಅಮ್ಮಾ?’ ಎಂದರು. ಒಬ್ಬರೇ ಎಂದು ಹೇಗೆ ಗೊತ್ತು, ಹೊರಗೆ ಬರಲಾಗದವರು ಎಣಿಕೆಗೆ ಸಿಗುವುದಾದರೂ ಎಲ್ಲಿ ಎಂದು ಕೇಳಿದೆ. ಬರೆದುಕೊಡಿ ಎಂದರು. ನಮ್ಮ ಬೀದಿಯಲ್ಲಿ ಮನೆಮನೆಗೆ ಹೋದಾಗ ಕೋಲು ಹಿಡಿದವರು, ಮಂಡಿನೋವಿನವರು, ಕಣ್ಣಿನ ಪೊರೆಯವರು, ಬಾಣಂತಿಯರು ಸೇರಿ ಹತ್ತೊಂಬತ್ತು ಸಹಿಗಳಾದವು. ಅರ್ಜಿಯಲ್ಲಿ ಎರಡೇ ಬೇಡಿಕೆ: ಬೀದಿಯ ಮೂಲೆಗೆ ಒಂದು ಇಳಿಜಾರು, ವಿಭಜಕದಲ್ಲಿ ಒಂದು ಗಾಲಿಕುರ್ಚಿ ದಾಟುವಷ್ಟು ಸಂದಿ. ಮೊದಲ ಸಹಿ ಅತ್ತೆಯದು. ಸೋಮವಾರ ಕೊಟ್ಟು ಬರಬೇಕು.