ಯಂತ್ರಕ್ಕೆ ದಕ್ಕದ ಕುಣಿಕೆ

1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಒಂದು ಚೌಕಟ್ಟನ್ನು ನಿರ್ಮಿಸಿದ. ಎರಡು ಕಡ್ಡಿಗಳ ಹೆಣಿಗೆ ಅಂದಿನಿಂದಲೇ ಮೆಲ್ಲಮೆಲ್ಲನೆ ಯಂತ್ರದ ಪಾಲಾಗತೊಡಗಿತು. 19ನೇ ಶತಮಾನದ ಆರಂಭದಲ್ಲಿ ಜಾನ್ ಹೀತ್‌ಕೋಟನ ಯಂತ್ರವು ಲೇಸಿನ ಜಾಲರಿಯನ್ನು ತಯಾರಿಸಿತು. ಮಗ್ಗವು ಹಬೆಯ ಬಲಕ್ಕೆ ಒಳಪಟ್ಟಿತು. ಶತಮಾನದ ನಡುಭಾಗಕ್ಕೆ ಹೊಲಿಗೆಯೂ ಯಂತ್ರಕ್ಕೆ ಒಲಿಯಿತು. ಮನೆಮನೆಯ ನೂಲಿನ ಕೆಲಸಗಳೆಲ್ಲ ಹೀಗೆ ಒಂದೊಂದಾಗಿ ಕಾರ್ಖಾನೆಗೆ ಹೋಗುತ್ತಿದ್ದಾಗ ಹಿಂದೆ ಉಳಿದುಕೊಂಡದ್ದು ಕ್ರೋಶಾ. ಒಂದೇ ಒಂದು ಕೊಕ್ಕೆಕಡ್ಡಿ, ಒಂದು ಉಂಡೆ ನೂಲು, ಎರಡು ಕೈ ಇದ್ದರೆ ಸಾಕಾಗುವ ಕೆಲಸ ಅದು.

ಕ್ರೋಶಾದಂತೆ ತೋರುವ ಬಟ್ಟೆಯನ್ನು ತಯಾರಿಸುವ ಯಂತ್ರಗಳು ಇಲ್ಲದಿಲ್ಲ. ಆದರೆ ಆ ಬಟ್ಟೆಯ ಒಳಗಟ್ಟೇ ಬೇರೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಕಾದು ನಿಂತಿರುತ್ತವೆ. ಯಂತ್ರಕ್ಕೆ ಬೇಕಾದದ್ದು ಅಂಥ ಶಿಸ್ತು. ಕ್ರೋಶಾದಲ್ಲಿ ಯಾವ ಗಳಿಗೆಯಲ್ಲಾದರೂ ಬಾಕಿ ಇರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಮುಂದಿನ ಕುಣಿಕೆಗಾಗಿ ಕೊಕ್ಕೆಯು ಈಗಾಗಲೇ ಮುಗಿದ ಬಟ್ಟೆಯ ಯಾವ ಜಾಗಕ್ಕಾದರೂ, ಯಾವ ಓರೆಯಿಂದಲಾದರೂ ನುಗ್ಗಬಹುದು. ಎಲ್ಲಿಗೆ ಎಂಬುದನ್ನು ಪ್ರತಿಸಲವೂ ಬೆರಳು ತಡವಿ ತೀರ್ಮಾನಿಸುತ್ತದೆ. ಆದುದರಿಂದ ಜಗತ್ತಿನ ಯಾವ ಅಂಗಡಿಯಲ್ಲಿ ನಿಜವಾದ ಕ್ರೋಶಾ ಹಾಸೊಂದು ಕಂಡರೂ, ಅದರ ಬೆಲೆಚೀಟಿಯಲ್ಲಿ ಏನೇ ಬರೆದಿರಲಿ, ಅದನ್ನು ಯಾರೋ ಒಬ್ಬರು ಕೂತು ಕೈಯಾರೆ ಮಾಡಿದ್ದಾರೆ. ಈ ಸರಳ ಸಂಗತಿಯನ್ನು ಹಿಡಿದು ಹೊರಟರೆ ಮನೆಯವರಿಗಾಗಿ ಹೆಣೆದ ಹೊದಿಕೆಯ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ.

ಅದು ಬಹಳ ಹಳೆಯ ಚರಿತ್ರೆಯಲ್ಲ. ಕೊಕ್ಕೆ ಎಂಬರ್ಥದ ಫ್ರೆಂಚ್ ಪದದಿಂದ ಬಂದ ಈ ಹೆಸರಿನ ಕಸುಬಿಗೆ ಪ್ರಾಚೀನತೆಯ ಕಿರೀಟ ತೊಡಿಸುವ ಉತ್ಸಾಹ ಅನೇಕರಿಗಿದೆ. ಮುದ್ರಿತ ಮಾದರಿಗಳಾದರೋ 1823ರ ಸುಮಾರಿಗೆ ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ ಮೊದಲು ಕಾಣಿಸುತ್ತವೆ. ಸ್ಕಾಟ್ಲೆಂಡಿನಲ್ಲಿ ಇದರ ಸರಳ ರೂಪವೊಂದಕ್ಕೆ ‘ಕುರುಬರ ಹೆಣಿಗೆ’ ಎಂಬ ಹೆಸರಿತ್ತು. 1840ರ ದಶಕದಲ್ಲಿ ಎಲಿಯನೋರ್ ರೀಗೊ ದ ಲಾ ಬ್ರಾಂಷಾರ್ಡಿಯೇರ್ ಎಂಬ ಮಹಿಳೆ ಮಾದರಿಗಳ ಪುಸ್ತಕಗಳನ್ನು ಒಂದರ ಮೇಲೊಂದು ಪ್ರಕಟಿಸಿ, ಕ್ರೋಶಾವನ್ನು ಶ್ರೀಮಂತ ಮನೆಗಳ ಕೂಡುಕೋಣೆಗೆ ತಂದರು. ಅಲ್ಲಿಗೆ ಅದು ಗೌರವಸ್ಥ ಹೆಂಗಸರ ಬಿಡುವಿನ ವೇಳೆಯ ಹವ್ಯಾಸವೆನಿಸಿತು. ‘ಬಿಡುವಿನ ವೇಳೆ’ ಎಂಬ ಆ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಅದೇ ಮಾತು ಬಹಳ ಜನರ ಅನ್ನಕ್ಕೆ ಅಡ್ಡ ಬಂದಿತು.

ಅದೇ ದಶಕದಲ್ಲಿ, 1845ರಿಂದ, ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಬರಗಾಲ ಬಂತು. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಕಾರ್ಕ್ ನಗರದ ಬಳಿಯ ಅರ್ಸುಲೈನ್ ಕ್ರೈಸ್ತ ಸನ್ಯಾಸಿನಿಯರು ಹಸಿದ ಮನೆಗಳ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಉತ್ತರದ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅದನ್ನೇ ಮಾಡಿದರು. ವೆನಿಸ್ಸಿನ ದುಬಾರಿ ಸೂಜಿಲೇಸನ್ನು ಹೋಲುವಂತೆ, ಆದರೆ ಅದಕ್ಕಿಂತ ಬಹುಬೇಗ, ಕೊಕ್ಕೆಯಿಂದ ಲೇಸು ಮಾಡಬಹುದಾಗಿತ್ತು. ದಪ್ಪ ಹುರಿಯೊಂದನ್ನು ಒಳಗಿಟ್ಟು ಅದರ ಸುತ್ತ ಹೆಣೆದರೆ ಗುಲಾಬಿಯ ಎಸಳು ಬಟ್ಟೆಯಿಂದ ಮೇಲಕ್ಕೆ ಉಬ್ಬಿ ನಿಲ್ಲುತ್ತಿತ್ತು. ಇಂದು ನಮ್ಮ ಹೊದಿಕೆಗಳ ಮೇಲೆ ಕಾಣುವ ಉಬ್ಬುಕೆಲಸಕ್ಕೆ ಹೆಸರಾಂತ ಒಂದು ಪೂರ್ವರೂಪ ಹಸಿವಿನ ಆ ವರ್ಷಗಳದು. ಒಬ್ಬಳು ಗುಲಾಬಿಯನ್ನಷ್ಟೇ ಮಾಡುವಳು, ಇನ್ನೊಬ್ಬಳು ಎಲೆಯನ್ನಷ್ಟೇ ಮಾಡುವಳು, ಮೂರನೆಯವಳು ಅವನ್ನೆಲ್ಲ ಜೋಡಿಸುವಳು. ಪೂರ್ತಿಯಾದ ಲೇಸು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಯಾರ ಕೊರಳಿಗೋ ಏರುವುದು.

ರಾಣಿ ವಿಕ್ಟೋರಿಯಾ ಕೂಡ ಕ್ರೋಶಾ ಮಾಡುತ್ತಿದ್ದರು. 1900ರಲ್ಲಿ, ತಮ್ಮ ಬದುಕಿನ ಕೊನೆಯ ವರ್ಷದಲ್ಲಿ, ಬೋಯರ್ ಯುದ್ಧದ ಸೈನಿಕರಿಗಾಗಿ ಎಂಟು ಉಲ್ಲನ್ ಕೊರಳವಸ್ತ್ರಗಳನ್ನು ಸ್ವತಃ ಹೆಣೆದರು. ಪಡೆದವರು ಯಾರು ಎಂಬುದು ದಾಖಲೆಯಲ್ಲಿದೆ. ಅವುಗಳಲ್ಲೊಂದು ಕ್ಯಾನ್ಬೆರಾದ ಯುದ್ಧಸ್ಮಾರಕ ಸಂಗ್ರಹಾಲಯದಲ್ಲಿ ಭದ್ರವಾಗಿದೆ. ಕ್ಲೋನ್ಸಿನ ಗುಲಾಬಿಗಳನ್ನು ಯಾರು ಮಾಡಿದರೆಂದು ಯಾವ ಸಂಗ್ರಹಾಲಯವೂ ಹೆಸರು ಹಿಡಿದು ಹೇಳಲಾರದು.

ನಮ್ಮ ಹೈದರಾಬಾದಿನ ಓದುಗರಿಗೆ ಮುಂದಿನ ಊರು ದೂರದ್ದಲ್ಲ. ಗೋದಾವರಿಯ ಮುಖಜಭೂಮಿಯಲ್ಲಿರುವ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಲೇಸು ಬಂದಿತು. ಅಲ್ಲಿಯೂ ಆರಂಭಕ್ಕೆ ಒತ್ತಾಸೆಯಾದದ್ದು ಬಡತನವೇ. ಕಾಲಕ್ರಮದಲ್ಲಿ ಅದು ಮತಾಂತರಗೊಂಡ ಕುಟುಂಬಗಳ ಗಡಿಯನ್ನು ದಾಟಿ, ಕಾಪು ಸಮುದಾಯದ ಹೆಂಗಸರ ಕೈಗೆ ಬಂದಿತು. ಹೊಲದ ಕೂಲಿಗೆ ಹೋಗದೆ ಮನೆಯೊಳಗೇ ಇರುವುದು ಅವರಿಗೆ ಮರ್ಯಾದೆಯ ಸಂಗತಿಯಾಗಿತ್ತು. ಲೇಸು ಆ ಮರ್ಯಾದೆಗೆ ಭಂಗ ತಾರದೆ ನಾಲ್ಕು ಕಾಸು ತರುತ್ತಿತ್ತು. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ನೋಡಿದರು. 1982ರಲ್ಲಿ ಪ್ರಕಟವಾದ ನರಸಾಪುರದ ಲೇಸುಗಾರ್ತಿಯರ ಕುರಿತ ಅವರ ಗ್ರಂಥ ಈ ವಿಷಯದಲ್ಲಿ ಇಂದಿಗೂ ಬಿಡಲಾಗದ ಓದು. ಅವರು ಕಂಡದ್ದು ಇಷ್ಟು: ಮನೆಗೆಲಸವನ್ನೆಲ್ಲ ಮುಗಿಸಿ ಹೆಂಗಸರು ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಮಾಡುತ್ತಿದ್ದರು. ಸಿಗುತ್ತಿದ್ದುದು ಕನಿಷ್ಠ ಕೂಲಿಯ ಒಂದು ಸಣ್ಣ ಪಾಲು. ಐರ್ಲೆಂಡಿನಲ್ಲಿದ್ದಂತೆ ಇಲ್ಲಿಯೂ ಕೆಲಸವು ತುಂಡುತುಂಡಾಗಿ ಹಂಚಿಹೋಗಿತ್ತು. ಬಿಡಿಭಾಗ ಮಾಡುವವರು ಬೇರೆ, ಅವನ್ನು ಕೂಡಿಸುವವರು ಬೇರೆ. ದಲ್ಲಾಳಿಗಳು ಮತ್ತು ರಫ್ತುದಾರರು ಹೆಚ್ಚಾಗಿ ಗಂಡಸರು. ಇಷ್ಟಾದರೂ ಆ ಹೆಂಗಸರು ಕೆಲಸಗಾರರೆಂದು ಲೆಕ್ಕಕ್ಕೆ ಬರಲಿಲ್ಲ. ಅವರು ‘ಗೃಹಿಣಿ’ಯರು, ಅವರು ಮಾಡುತ್ತಿದ್ದುದು ‘ಬಿಡುವಿನ ವೇಳೆ’ಯ ಕೆಲಸ. ಬ್ರಾಂಷಾರ್ಡಿಯೇರ್ ಅವರ ಕೂಡುಕೋಣೆಯಲ್ಲಿ ಅಲಂಕಾರವಾಗಿದ್ದ ಮಾತು ಗೋದಾವರಿ ತೀರದಲ್ಲಿ ಕೂಲಿ ಇಳಿಸುವ ಉಪಾಯವಾಯಿತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ಕಾನೂನಿನ ಕಾವಲು ಸಿಕ್ಕಿತು. ಗಂಟೆಯ ದರದ ಮಾತು ಬೇರೆ.

ಇಷ್ಟು ಹೊತ್ತು ಲೇಸಿನ ಮಾತಾಯಿತು. ಹೊದಿಕೆಯ ದಾರಿ ಇದರ ಪಕ್ಕದಲ್ಲೇ ಸಾಗಿದರೂ ಮಾರುಕಟ್ಟೆಗೆ ಹೋಗದೆ ಮನೆಯ ಕಡೆಗೆ ತಿರುಗಿಕೊಂಡಿತು. ಅಮೆರಿಕದಲ್ಲಿ ಉಲ್ಲನ್ನಿನ ಕ್ರೋಶಾ ಹೊದಿಕೆಗೆ ‘ಅಫ್ಘನ್’ ಎಂದೇ ಹೆಸರು. ಅಫ್ಘಾನಿಸ್ತಾನದ ಬಣ್ಣಬಣ್ಣದ ಉಣ್ಣೆಯ ಶಾಲುಗಳ ನೆನಪು ಆ ಹೆಸರಿನಲ್ಲಿ ಉಳಿದಿದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ, ಮಿಕ್ಕ ನೂಲಿನ ತುಂಡುಗಳಿಂದ ಚಿಕ್ಕ ಚಿಕ್ಕ ಚೌಕ ಮಾಡಿ ಜೋಡಿಸುವ ಮಾದರಿಗಳು ಅಲ್ಲಿನ ಪತ್ರಿಕೆಗಳಲ್ಲಿ ಬಂದವು. ‘ಅಜ್ಜಿಯ ಚೌಕ’ ಎಂದು ಲೋಕಪ್ರಸಿದ್ಧವಾದದ್ದು ಅದೇ. 1941ರಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂದಾಗ ಉಲ್ಲನ್ನಿಗೂ ಕೂಪನ್ ಬೇಕಾಯಿತು. ಹಳೆಯ ಸ್ವೆಟರು ಬಿಚ್ಚಿ, ನೂಲು ತೊಳೆದು, ಸುಕ್ಕು ಬಿಡಿಸಿ ಮತ್ತೆ ಹೆಣೆಯುವುದು ದೇಶಸೇವೆಯೆನಿಸಿತು. ಹೊದಿಕೆ ಎಲ್ಲೆಡೆ ಮಿಕ್ಕಿದ್ದರಿಂದ ಹುಟ್ಟುವ ವಸ್ತು. ಉತ್ತರ ಕರ್ನಾಟಕದ ಕೌದಿಯನ್ನು ಹೊದ್ದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಒಂದೇ ಹಾಸಿನಲ್ಲಿ ಕೂಡಿ ಮಲಗುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ತುಂಡುಬಟ್ಟೆಯ ‘ಹೂವು’ ಇಡದೆ ಕವಂದಿಯನ್ನು ಮುಗಿಸುವುದಿಲ್ಲ. ಕೊಕ್ಕೆಗೂ ಸೂಜಿಗೂ ಇಲ್ಲಿ ನಂಟು ಕಸುಬಿನದಲ್ಲ, ಉದ್ದೇಶದ್ದು: ಎರಡೂ ಕಡೆ ಹೊದೆಯುವವರು ಯಾರು ಎಂಬುದು ಮೊದಲೇ ಗೊತ್ತಿರುತ್ತದೆ.

ಗೊತ್ತಿರುವುದರಿಂದಲೇ ವಿನ್ಯಾಸ ಬದಲಾಗುತ್ತದೆ. ಮುಂಬಯಿ, ಪುಣೆಗಳಲ್ಲಿ ನೆರೆಯವರಿಂದ ಕ್ರೋಶಾ ಕಲಿತ ನಮ್ಮ ಹೆಂಗಸರ ಬಾಯಲ್ಲಿ ಮರಾಠಿಯ ‘ಸಾಖಳಿ’, ‘ಖಾಂಬ’ಗಳು ಸಲೀಸಾಗಿ ಓಡಾಡುತ್ತವೆ. ಕನ್ನಡದಲ್ಲಿ ಸರಪಳಿ, ಕಂಬ ಎಂದರಾಯಿತು. ಸರಪಳಿಯೇ ತಳಪಾಯ, ಅದರ ಮೇಲೆ ಕಂಬಗಳ ಸಾಲು. ಕೊಕ್ಕೆಯನ್ನು ಹಿಂದಿನ ಸಾಲಿನ ಕಂಬದ ತಲೆಯೊಳಗೆ ತೂರಿಸಿದರೆ ಬಟ್ಟೆ ಸಪಾಟಾಗಿ ಬೆಳೆಯುತ್ತದೆ. ತಲೆಯನ್ನು ಬಿಟ್ಟು ಕಂಬದ ಸೊಂಟವನ್ನೇ ಬಳಸಿ ತಂದರೆ ಆ ಕಂಬ ಮುಂದಕ್ಕೆ ಎದ್ದು ಬರುತ್ತದೆ. ಹೀಗೆ ಎದ್ದ ಕಂಬಗಳನ್ನು ಅಡ್ಡಹಾಯಿಸಿದರೆ ಜಡೆ. ಅಡ್ಡಕ್ಕೂ ಉದ್ದಕ್ಕೂ ನಿಲ್ಲಿಸಿದರೆ ನಡುವೆ ಗುಳಿಗಳುಳ್ಳ ಜೇನುಹುಟ್ಟಿನಂಥ ಚೌಕುಳಿ. ಒಂದೇ ತೂತಿನಲ್ಲಿ ಐದು ಕಂಬ ನೆಟ್ಟು ಮೊದಲನೆಯದರ ತಲೆಗೂ ಕೊನೆಯದರ ತಲೆಗೂ ಗಂಟು ಹಾಕಿದರೆ ಜೋಳದ ಅರಳಿನಂಥ ಗುಬ್ಬಿ. ಗುಳಿಗಳಲ್ಲಿ ಗಾಳಿ ನಿಲ್ಲುವುದರಿಂದ ಚೌಕುಳಿಯ ಹೊದಿಕೆ ಬೆಚ್ಚಗಿರುತ್ತದೆ. ದಿಲ್ಲಿಯ ಜನವರಿಗೆ ಲೂಧಿಯಾನದ ಉಲ್ಲನ್ನಿನಲ್ಲಿ ಅದು ಒಪ್ಪುತ್ತದೆ. ಚೆನ್ನೈಯಲ್ಲಿರುವ ಮಗಳಿಗೆ ಅದೇ ಮಾದರಿಯನ್ನು ಹತ್ತಿಯ ನೂಲಿನಲ್ಲಿ, ಸಡಿಲವಾಗಿ ಹೆಣೆಯಬೇಕು. ಎಳೆಕೂಸಿನ ಹೊದಿಕೆಯಲ್ಲಿ ಬೆರಳು ಸಿಕ್ಕುವಂಥ ಕಿಂಡಿಗಳಿರಕೂಡದು. ಹಾಸಿಗೆ ಹಿಡಿದ ಹಿರಿಯರಿಗೆ ಗುಬ್ಬಿಗಳು ಮೇಲ್ಮುಖಕ್ಕೆ ಮಾತ್ರ ಬರಬೇಕು. ಅಡಿಯಲ್ಲಿ ಬಂದರೆ ಮೈಗೆ ಒತ್ತುತ್ತವೆ. ಇದೆಲ್ಲ ಯಾವ ಪುಸ್ತಕದ ವಿದ್ಯೆಯೂ ಅಲ್ಲ, ಮನುಷ್ಯರನ್ನು ಬಲ್ಲ ವಿದ್ಯೆ.

ಇದಕ್ಕೆ ಹಿಡಿಯುವ ಹೊತ್ತನ್ನು ಒಮ್ಮೆ ಲೆಕ್ಕಹಾಕಿ ನೋಡೋಣ. ಸಾಲಿಗೆ 160 ಕಂಬ, ಒಟ್ಟು 100 ಸಾಲು ಎಂದಿಟ್ಟುಕೊಂಡರೆ ಒಂದು ಚಿಕ್ಕ ಸಪಾಟು ಹೊದಿಕೆಗೆ 16,000 ಕಂಬ. ನಿಮಿಷಕ್ಕೆ 15ರಂತೆ ಎಡೆಬಿಡದೆ ಮಾಡಿದರೂ ಸುಮಾರು 18 ಗಂಟೆ. ಅದರಲ್ಲಿ ನಾಲ್ಕಕ್ಕೊಂದು ಕಂಬದ ಜಾಗದಲ್ಲಿ ಐದು ಕಂಬದ ಗುಬ್ಬಿ ಇಟ್ಟರೆ ಕಂಬಗಳು 32,000 ಆಗುತ್ತವೆ. ಹೊತ್ತು 35 ಗಂಟೆ ಮೀರುತ್ತದೆ. ಬಿಚ್ಚಿ ಮತ್ತೆ ಹೆಣೆದದ್ದು, ಅಂಚು ಕಟ್ಟಿದ್ದು ಇದರಲ್ಲಿ ಸೇರಿಲ್ಲ. ಉಬ್ಬು ಎಂದರೆ ಕಣ್ಣಿಗೆ ಕಾಣುವಂತೆ ರಾಶಿ ಹಾಕಿದ ಕಾಲ. ಅದೇ ಕಾಲವನ್ನು ಕೂಲಿಯಾಗಿ ಕೇಳಿದರೆ ಬಿಡುವಿನ ಕೆಲಸವೆಂದು ಬೆಲೆ ಇಳಿಯುತ್ತದೆ. ಉಡುಗೊರೆಯಾಗಿ ಕೊಟ್ಟರೆ ಪ್ರೀತಿಯೆಂದು ಬೆಲೆ ಕಟ್ಟುವುದೇ ಇಲ್ಲ. ಎರಡೂ ಕಡೆ ಲೆಕ್ಕ ಬರೆಯುವವರಿಲ್ಲ. ನಮಗೆ ಎರಡನೆಯ ಮೌನ ಮೊದಲನೆಯದಕ್ಕಿಂತ ಸಹ್ಯವೆನಿಸುತ್ತದೆ. ಆದರೂ ಅದು ಮೌನವೇ.

ಉಬ್ಬುಹೆಣಿಗೆಯ ಸುತ್ತ ಒಂದು ಕಥೆ ಬೆಳೆದಿದೆ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಜಡೆಮಾದರಿಯಿತ್ತು, ಕಡಲಲ್ಲಿ ಮುಳುಗಿದ ಬೆಸ್ತರನ್ನು ಅವರ ಸ್ವೆಟರಿನಿಂದ ಗುರುತಿಸುತ್ತಿದ್ದರು ಎಂಬುದು ಆ ಕಥೆ. ಹೊದಿಕೆಯ ಮಾದರಿಗಳ ಜೊತೆಗೆ ಇದನ್ನೂ ಮಾರುವವರು ಬಹಳ. ಇದು 20ನೇ ಶತಮಾನದ ಕಲ್ಪನೆ. ಇದರ ಬೀಜವಿರುವುದು ಜೆ.ಎಂ. ಸಿಂಗ್ ಅವರ ‘ರೈಡರ್ಸ್ ಟು ದ ಸೀ’ ಎಂಬ 1904ರ ನಾಟಕದಲ್ಲಿ. ಅಲ್ಲಿ ಸ್ವೆಟರಿಲ್ಲ, ಜಡೆಯಿಲ್ಲ, ಕುಲದ ಚಿಹ್ನೆಯೂ ಇಲ್ಲ. ಇರುವುದು ಒಂದು ಸಾದಾ ಕಾಲುಚೀಲ, ಕಡ್ಡಿಯ ಹೆಣಿಗೆಯದು. ಮುಳುಗಿದವನ ತಂಗಿ ಅದರ ಕುಣಿಕೆಗಳನ್ನು ಎಣಿಸುತ್ತಾಳೆ. ಎಷ್ಟು ಹಾಕಿದ್ದಳು, ಎಲ್ಲಿ ನಾಲ್ಕನ್ನು ಬಿಟ್ಟಿದ್ದಳು ಎಂಬುದು ಅವಳಿಗೆ ನೆನಪಿದೆ. ಎಣಿಕೆ ಕೂಡುತ್ತದೆ, ಅಣ್ಣ ಸತ್ತನೆಂದು ತಿಳಿಯುತ್ತದೆ. ಕುಲಚಿಹ್ನೆಯ ಕಟ್ಟುಕಥೆಗಿಂತ ಇದು ಎಷ್ಟೋ ನಿಜ. ಹೆಣೆದವಳ ಗುರುತು ವಿನ್ಯಾಸದಲ್ಲಿಲ್ಲ, ಅವಳ ಎಣಿಕೆಯಲ್ಲಿದೆ.

2016ರ ಜನವರಿ 31ರಂದು ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಗುಂಪಿನ ಹೆಂಗಸರು ಚೌಕಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆಯನ್ನು ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಎರಡೂವರೆ ಎಕರೆ ಮೀರಿದ ಆ ಹಾಸಿನ ಪ್ರತಿ ಕುಣಿಕೆಯೂ ಕೈಯದೇ. ಕ್ರೋಶಾದ ಹೊತ್ತು ಒಮ್ಮೆಯಾದರೂ ಬಹಿರಂಗವಾಗಿ ಅಳತೆಗೆ ಸಿಕ್ಕಿತು ಎಂಬ ಕಾರಣಕ್ಕೆ ಆ ದಾಖಲೆ ನಮಗೆ ಮುಖ್ಯ.

ಮನೆಯ ಹೊದಿಕೆಗೆ ಅಂಥ ಅಳತೆಗಾರರು ಬರುವುದಿಲ್ಲ, ಮಾಡಿದವರ ಹೆಸರು ಬರೆದಿಡುವ ವಾಡಿಕೆಯೂ ನಮ್ಮಲ್ಲಿಲ್ಲ. ಆದರೂ ಅದನ್ನು ಓದಲು ಬರುತ್ತದೆ. ಬೆಳಕಿಗೆ ಹಿಡಿದು ಮೊದಲ ಸರಪಳಿಯಿಂದ ಆರಂಭಿಸಬೇಕು. ಮೊದಲ ನಾಲ್ಕೈದು ಸಾಲು ಬಿಗಿಯಾಗಿದ್ದು ಆಮೇಲೆ ಸಡಿಲಾದರೆ, ಕೈ ಆ ಮಾದರಿಗೆ ಒಗ್ಗಿದ್ದು ಅಲ್ಲಿ. ಬಿಳಿ ಬಣ್ಣ ಒಂದು ಸಾಲಿನಿಂದ ಮುಂದೆ ತುಸು ಮಾಸಲಾಗಿ ಕಂಡರೆ, ಮೊದಲ ನೂಲು ಮುಗಿದು ಬೇರೆ ಅಂಗಡಿಯ ಉಂಡೆ ಬಂದದ್ದು ಅಲ್ಲಿ. ಗುಬ್ಬಿಗಳು ಐದು ಕಂಬದಿಂದ ನಾಲ್ಕಕ್ಕೆ ಇಳಿದಿದ್ದರೆ ನೂಲು ಸಾಲದೆಂಬ ಅಂಜಿಕೆ ಹುಟ್ಟಿದ್ದು ಅಲ್ಲಿ. ಕೆಲವು ಹೊದಿಕೆಗಳಲ್ಲಿ ನಡುವೆ ಎಲ್ಲೋ ಕುಣಿಕೆಯ ಬಿಗಿ ಒಮ್ಮೆಲೇ ಬದಲಾಗಿ ಕೊನೆಯವರೆಗೂ ಹಾಗೆಯೇ ಸಾಗುತ್ತದೆ. ಆ ಸಾಲಿನಲ್ಲಿ ಕೊಕ್ಕೆಕಡ್ಡಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದ್ದಿರಬೇಕು.