ಕಾಲಾವಧಿಯ ನಿರೂಪಣೆ, ಇಂಗ್ಲಿಷಿನಲ್ಲಿ

ಒಂದು ಕ್ರಿಯೆ ಎಂದು ಮೊದಲಾಯಿತು, ಎಷ್ಟು ಕಾಲ ನಡೆಯಿತು, ಎಂದು ಮುಗಿಯಿತು ಎಂಬುದನ್ನು ತಿಳಿಸಲು ಇಂಗ್ಲಿಷ್ ಭಾಷೆ ಬಳಸುವ ಅವ್ಯಯಗಳ, ಕ್ರಿಯಾರೂಪಗಳ ಮತ್ತು ಸಂಖ್ಯಾವಾಚಕಗಳ ವ್ಯವಸ್ಥೆ. ವಿಭಕ್ತಿಪ್ರತ್ಯಯಗಳಿಂದಲೇ ಕಾಲವನ್ನಳೆಯುವ ಕನ್ನಡಿಗರಿಗೆ ಆ ಭಾಷೆಯ ವ್ಯಾಕರಣದಲ್ಲಿ ಇದು ಬಹು ತೊಡಕಿನ ಪ್ರಕರಣ. ಕನ್ನಡ, ಕೊಂಕಣಿ, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಕಾರವಾರದಲ್ಲಿ ಈ ತೊಡಕು ಯಾವ ರೂಪದಲ್ಲಿ ಕಾಣುವುದೋ, ಅಂಕೋಲೆಯಲ್ಲಿಯೂ ಬಹುತೇಕ ಅದೇ ರೂಪದಲ್ಲಿ ಕಾಣುವುದು.

ಅದರ ಮೂಲ ‘ಇಂದ’ ಎಂಬ ಪ್ರತ್ಯಯದಲ್ಲಿದೆ. ಕಾರವಾರದ ಕದಂಬ ನೌಕಾನೆಲೆ ಸೇವೆಗೆ ಸೇರ್ಪಡೆಯಾದುದು 2005ರ ಮೇ 31ರಂದು. ಅದನ್ನು ಕುರಿತು ‘2005ರಿಂದ ಇದೆ’ ಎಂದರೂ ‘ಇಪ್ಪತ್ತು ವರ್ಷದಿಂದ ಇದೆ’ ಎಂದರೂ ಕನ್ನಡದಲ್ಲಿ ಪ್ರತ್ಯಯವೂ ಒಂದೇ, ಕ್ರಿಯಾಪದವೂ ಒಂದೇ. ಇಂಗ್ಲಿಷಾದರೋ ಆರಂಭಬಿಂದುವಿಗೆ ‘ಸಿನ್ಸ್’ ಎಂದೂ ಕಾಲವಿಸ್ತಾರಕ್ಕೆ ‘ಫಾರ್’ ಎಂದೂ ಬೇರೆಬೇರೆ ಅವ್ಯಯಗಳನ್ನು ಬೇಡುವುದಲ್ಲದೆ, ಎರಡೆಡೆಯಲ್ಲಿಯೂ ‘ಈಸ್’ ಎಂಬ ವರ್ತಮಾನರೂಪವನ್ನು ಒಲ್ಲದೆ, ಇಂದಿನ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡುವ ‘ಹ್ಯಾಸ್ ಬೀನ್’ ಎಂಬ ರೂಪವನ್ನು ವಿಧಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದವು ಈಗಿರುವುದನ್ನು ಮಾತ್ರ ಹೇಳುತ್ತದೆ. ಹಿಂದಿನ ಹೊರೆಯನ್ನೆಲ್ಲ, ‘ಅಂಕೋಲೆಯಿಂದ ಬಂದೆ’ ಎಂಬಲ್ಲಿ ಹೊರಟ ತಾಣವನ್ನು ತೋರಿಸುವ ಅದೇ ಪ್ರತ್ಯಯವೇ ಹೊರುತ್ತದೆ. ಆದುದರಿಂದ ‘ಈಸ್ ಹಿಯರ್ ಫ್ರಮ್ ಟ್ವೆಂಟಿ ಇಯರ್ಸ್’ ಎಂದು ಬರೆದ ಬಾಲಕನನ್ನು ಮಂದಮತಿಯೆಂದು ಗದರುವುದು ಅನ್ಯಾಯ. ಅವನು ತಾಯ್ನುಡಿಯ ತರ್ಕವನ್ನು ಎಳ್ಳಷ್ಟೂ ತಪ್ಪದೆ ಪಾಲಿಸಿದ್ದಾನೆ. ಮರಾಠಿಯ ‘ಪಾಸೂನ್’ ಕೂಡ ಎರಡು ಅರ್ಥಗಳಲ್ಲಿಯೂ ಸಲ್ಲುತ್ತದೆ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯೇ ‘ಝೈಟ್’ ಎಂಬ ಒಂದೇ ಪದದಿಂದ, ಅದೂ ವರ್ತಮಾನಕಾಲದ ಕ್ರಿಯಾಪದದೊಡನೆ, ಈ ಕಾರ್ಯವನ್ನು ನೆರವೇರಿಸಿಕೊಳ್ಳುತ್ತದೆ.

ಮುಗಿದುಹೋದ ಅವಧಿಯಲ್ಲಿ ಕನ್ನಡವೂ ‘ಇಂದ’ವನ್ನು ಕೈಬಿಡುತ್ತದೆಂಬುದನ್ನು ಬೋಧಕರು ಸಾಕಷ್ಟು ಗಮನಿಸಿದಂತಿಲ್ಲ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ 1883ರಲ್ಲಿ ಬಂದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಕೆಲಕಾಲ ‘ಇದ್ದರು’. ಇಲ್ಲಿ ನಾಮಪದ ಬರಿದಾಗಿಯೇ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ‘ಫಾರ್’ ಉಳಿದು ಕ್ರಿಯಾಪದ ಮಾತ್ರ ಶುದ್ಧ ಭೂತಕಾಲಕ್ಕೆ ಸರಿಯುತ್ತದೆ. ಈ ಜೋಡಿಯಿಂದಲೇ ಪಾಠವನ್ನಾರಂಭಿಸಿದರೆ ಅರ್ಧ ಕಷ್ಟ ಕಳೆಯುವುದು.

ಎಣಿಕೆಯ ಭೇದ ಇನ್ನೂ ಸೂಕ್ಷ್ಮವಾದುದು. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು; ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅದೇ ಸತ್ಯಾಗ್ರಹ ನಡೆಯಿತು. ಇಂಗ್ಲಿಷಿನ ಲೆಕ್ಕಕ್ಕೆ ಇದು ಏಳು ದಿನಗಳ ಅಂತರ. ಹೊರಟ ದಿನವನ್ನೂ ಮುಟ್ಟಿದ ದಿನವನ್ನೂ ಕೂಡಿಸಿಕೊಳ್ಳುವ ನಮ್ಮ ರೂಢಿಯಲ್ಲಿ ಎಂಟನೆಯ ದಿನ. ವಾರಕ್ಕೆ ‘ಎಂಟು ದಿನ’, ಪಕ್ಷಕ್ಕೆ ‘ಹದಿನೈದು ದಿನ’ ಎನ್ನುವ ನಮ್ಮ ಮಾತು ಹುಟ್ಟಿದುದು ಈ ಎಣಿಕೆಯಿಂದಲೇ ಎಂದು ತೋರುತ್ತದೆ, ಮತ್ತು ಫ್ರೆಂಚರೂ ಹಾಗೆಯೇ ನುಡಿಯುತ್ತಾರೆ. ಇಂಗ್ಲಿಷಿನ ‘ಫೋರ್ಟ್‌ನೈಟ್’ ಎಂಬುದಾದರೋ ‘ಹದಿನಾಲ್ಕು ರಾತ್ರಿ’ ಎಂಬರ್ಥದ ಪ್ರಾಚೀನ ಸಮಾಸ. ಅಮೆರಿಕದಲ್ಲಿ ಅದರ ಬಳಕೆ ವಿರಳ.

ಇದೇ ಭೇದದ ಎರಡು ನಿದರ್ಶನಗಳು ಕರಾವಳಿಯಲ್ಲಿಯೇ ದೊರೆಯುತ್ತವೆ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲನೆಯ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಅವಿಚ್ಛಿನ್ನವಾಗಿ ನಡೆದು ಆಗಿನ ಜಗದ್ದಾಖಲೆಯನ್ನು ಸ್ಥಾಪಿಸಿತು. ಎರಡು ತುದಿಗಳನ್ನೂ ಎಣಿಸಿದರೆ 963 ಆಗುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧವನ್ನು 61 ದಿನವೆನ್ನುವಾಗಲಾದರೋ ಎರಡು ತುದಿಗಳೂ ಸೇರಿವೆ. ‘ಟಿಲ್’ ಎಂಬ ಅವ್ಯಯವು ಕೊನೆಯ ದಿನ ಒಳಗೋ ಹೊರಗೋ ಎಂಬುದನ್ನು ಹೇಳುವುದಿಲ್ಲ. ಆ ಸಂದೇಹವನ್ನು ನೀಗಲೆಂದೇ ಅಮೆರಿಕನ್ನರು ‘ತ್ರೂ’ ಎನ್ನುತ್ತಾರೆ. ದಿನದ ಮೇಲೆ ಅನ್ನ ನಿಂತಿರುವವನಿಗೆ ಇದು ಬರಿಯ ವ್ಯಾಕರಣವಲ್ಲ. ‘ಬೈ’ ಎಂಬುದಕ್ಕೆ ‘ಅಷ್ಟರೊಳಗೆ’ ಎಂದರ್ಥ, ‘ಟಿಲ್’ಗೆ ‘ಅಲ್ಲಿಯವರೆಗೂ’ ಎಂದರ್ಥ. ಜುಲೈ 31ರೊಳಗೆ ಬಲೆ ಸರಿಪಡಿಸುವುದು ಬೇರೆ, ಜುಲೈ 31ರವರೆಗೆ ಸರಿಪಡಿಸುತ್ತಿರುವುದು ಬೇರೆ.

ಉಳಿದವು ಸಣ್ಣ ತೊಡಕುಗಳು. ಈ ಕ್ಷಣದಿಂದ ಹಿಂದಕ್ಕೆ ಎಣಿಸಿದರೆ ‘ಅಗೋ’; ಹಿಂದಿನ ಮತ್ತೊಂದು ಘಟನೆಯಿಂದ ಎಣಿಸಿದರೆ ‘ಬಿಫೋರ್’. ಕನ್ನಡದಲ್ಲಿ ಸಂಖ್ಯೆಯ ಮುಂದೆ ‘ದಿನ’ ಏಕವಚನದಲ್ಲಿಯೇ ಸಲ್ಲುವುದರಿಂದ ವಿದ್ಯಾರ್ಥಿಗಳು ‘ಟೂ ಡೇ’ ಎಂದು ಬರೆಯುವುದುಂಟು; ಆದರೆ ‘ಎರಡು ದಿನದ ರಜೆ’ ಎಂಬುದಕ್ಕೆ ಸರಿಹೊಂದುವ ‘ಟೂ-ಡೇ ಲೀವ್’ ಎಂಬ ಸಮಾಸದಲ್ಲಿ ಆ ಏಕವಚನವೇ ಸಾಧು. ‘ಫಾರ್’ ಎಷ್ಟು ಕಾಲವೆಂಬುದನ್ನೂ ‘ಡ್ಯೂರಿಂಗ್’ ಯಾವಾಗವೆಂಬುದನ್ನೂ ಹೇಳುತ್ತದೆ: ಅಂಕೋಲೆಯ ರೈತ ‘ಆರಿದ್ರಾ ಮಳೆಯಲ್ಲಿ ನೆಟ್ಟೆ’ ಎಂದಾಗ ಆ ‘ಅಲ್ಲಿ’ಗೆ ‘ಡ್ಯೂರಿಂಗ್’ ತಕ್ಕ ಪದ, ಹದಿನಾಲ್ಕು ದಿನಗಳಷ್ಟಿರುವ ಆ ಮಳೆನಕ್ಷತ್ರವೆಲ್ಲ ಬಿಡದೆ ಸುರಿಯಿತೆಂದು ಹೇಳಬೇಕಾದಾಗ ಮಾತ್ರ ‘ಫಾರ್ ಎ ಫೋರ್ಟ್‌ನೈಟ್’.