ರೈನ್ ನದಿಯ ಪರವಾಗಿ ಸಾಕ್ಷಿ ನುಡಿದ ಮೀನುಗಳು

1972ರಲ್ಲಿ ಜರ್ಮನಿಯ ಕ್ರೇಫೆಲ್ಡ್ ನಗರದ ಹೌಸ್ ಲಾಂಗೆ ವಸ್ತುಸಂಗ್ರಹಾಲಯದಲ್ಲಿ, ರೈನ್ ತೀರದ ಕಲೋನ್‌ನಲ್ಲಿ ಜನಿಸಿದ ಕಲಾವಿದ ಹಾನ್ಸ್ ಹಾಕೆ ಒಂದು ವಿಲಕ್ಷಣ ಕೃತಿಯನ್ನು ಸ್ಥಾಪಿಸಿದರು. ಅದರಲ್ಲಿ ವರ್ಣಚಿತ್ರವಾಗಲಿ ಶಿಲ್ಪವಾಗಲಿ ಇರಲಿಲ್ಲ. ಇದ್ದುದು ರೈನ್ ನದಿಯ ಕಲುಷಿತ ನೀರು. ದೊಡ್ಡ ಸೀಸೆಗಳಿಂದ ಹೊರಟ ಆ ನೀರು ರಾಸಾಯನಿಕಗಳಿಂದ ತಿಳಿಯಾಗಿ, ಇದ್ದಿಲು ಮತ್ತು ಮರಳಿನ ಪದರಗಳನ್ನು ಹಾದು, ಹೊಂಬಣ್ಣದ ಮೀನುಗಳು ಈಜುವ ತೊಟ್ಟಿಯನ್ನು ಸೇರುತ್ತಿತ್ತು. ಹೆಚ್ಚಾದ ನೀರು ತೋಟದ ನೆಲದಲ್ಲಿ ಇಂಗುತ್ತಿತ್ತು.

ಈ ಕೃತಿಯ ಹಿಂದಿನ ಧೈರ್ಯ ಗಮನಾರ್ಹ. ಕ್ರೇಫೆಲ್ಡ್ ನಗರವೇ ತನ್ನ ಕೊಳಚೆಯನ್ನು ಶುದ್ಧೀಕರಿಸದೆ ನದಿಗೆ ಬಿಡುತ್ತಿತ್ತು. ವಸ್ತುಸಂಗ್ರಹಾಲಯವೂ ಅದೇ ನಗರದ ಸ್ವತ್ತು. ಆರೋಪಿಯ ಮನೆಯಂಗಳದಲ್ಲಿಯೇ ಮೀನುಗಳು ಸಾಕ್ಷಿ ನುಡಿದವು.

ಆದರೆ ಕಲೆಯೊಂದರಿಂದಲೇ ನದಿ ಉಳಿಯಲಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಸಮೀಪದ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿತ್ತು. ಅದನ್ನು ನಂದಿಸಿದ ನೀರಿನೊಡನೆ ವಿಷವೂ ನದಿಗೆ ಹರಿದು ಅಸಂಖ್ಯ ಮೀನುಗಳು ಸತ್ತವು. ಮರುವರ್ಷ ತೀರದ ದೇಶಗಳು ಒಗ್ಗೂಡಿ ನದಿಯ ಪುನಶ್ಚೇತನಕ್ಕೆ ಕಾರ್ಯಯೋಜನೆ ರೂಪಿಸಿದವು. 1990ರ ದಶಕದಲ್ಲಿ ಸಾಲ್ಮನ್ ಮೀನು ಮರಳತೊಡಗಿತು.

ಇಂದು ರೈನ್ ತೀರದಲ್ಲಿ ಮಕ್ಕಳೊಡನೆ ವಿಹರಿಸುವ ನಮ್ಮ ಸದಸ್ಯ ಕುಟುಂಬಗಳು ಕಾಣುವುದು, ಹೀಗೆ ಸಾವಿನಂಚಿನಿಂದ ಹಿಂದಿರುಗಿದ ನದಿಯನ್ನು.